ಎಲ್‌ಎಲ್‌ಆರ್ ಪರೀಕ್ಷೆ: ಫಲಕದ ಆಕಾರವನ್ನು ಮೊದಲು ಗಮನಿಸಿ

ಕಲಿಕಾ ಪರವಾನಗಿಯ ಪರೀಕ್ಷೆಗೆ ಸಿದ್ಧರಾಗುತ್ತಿರುವ ನಮ್ಮ ಶಿವಮೊಗ್ಗ ಜಿಲ್ಲೆಯ ಸದಸ್ಯರು ರಸ್ತೆ ಫಲಕಗಳನ್ನು ಒಂದೊಂದಾಗಿ ಬಾಯಿಪಾಠ ಮಾಡುವ ಬದಲು ಮೊದಲು ಅವುಗಳ ಆಕಾರವನ್ನು ಗುರುತಿಸಲು ಕಲಿಯುವುದು ಒಳ್ಳೆಯದು. ವೃತ್ತಾಕಾರದ ಫಲಕವು ಪಾಲಿಸಲೇಬೇಕಾದ ಆಜ್ಞೆ. ಅದರಲ್ಲಿ ಕೆಂಪು ಅಂಚಿದ್ದರೆ ಸಾಮಾನ್ಯವಾಗಿ ನಿಷೇಧ ಅಥವಾ ಮಿತಿ, ಅಂಚಿಲ್ಲದ ನೀಲಿಯಾಗಿದ್ದರೆ ಕಡ್ಡಾಯವಾಗಿ ಮಾಡಬೇಕಾದ ಕೆಲಸ. ತ್ರಿಕೋನವು ಎಚ್ಚರಿಕೆಯನ್ನೂ ಆಯತವು ಮಾಹಿತಿಯನ್ನೂ ಕೊಡುತ್ತದೆ. ಆದರೆ ‘ನಿಲ್ಲಿ’ ಎನ್ನುವ ಅಷ್ಟಕೋನ ಮತ್ತು ‘ದಾರಿ ಬಿಡಿ’ ಎನ್ನುವ ತಲೆಕೆಳಗಾದ ತ್ರಿಕೋನ ಇವೆರಡೂ ಆಜ್ಞೆಗಳೇ, ಎಚ್ಚರಿಕೆಗಳಲ್ಲ.

ಆಗುಂಬೆ ಅಥವಾ ಹುಲಿಕಲ್ ಘಾಟಿಯಲ್ಲಿ ಪ್ರಯಾಣಿಸುವಾಗ ಚಾಲಕರ ಪಕ್ಕದಲ್ಲಿ ಕುಳಿತು, ಎದುರಾಗುವ ಪ್ರತಿ ಫಲಕದ ಅರ್ಥವನ್ನು ಹೇಳಿಕೊಳ್ಳುತ್ತಾ ಹೋದರೆ ಹೇರ್‌ಪಿನ್ ತಿರುವು, ಕಡಿದಾದ ಇಳಿಜಾರು, ಕಲ್ಲು ಉರುಳುವ ಜಾಗದಂಥವು ಪುಸ್ತಕದ ಹಂಗಿಲ್ಲದೆ ಮನಸ್ಸಿನಲ್ಲಿ ನಿಲ್ಲುತ್ತವೆ. ಇಕ್ಕಟ್ಟಾದ ಘಾಟಿ ರಸ್ತೆಯಲ್ಲಿ ಎರಡು ವಾಹನಗಳು ಎದುರಾದಾಗ, ಏರುವ ವಾಹನಕ್ಕೆ ಇಳಿಯುವ ವಾಹನವು ದಾರಿ ಬಿಡಬೇಕೆಂಬ ನಿಯಮವನ್ನು, ಮಲೆನಾಡಿನವರಾದ ನಾವಂತೂ, ಪರೀಕ್ಷೆಗಾಗಿ ಮಾತ್ರ ಕಲಿಯುವಂತಿಲ್ಲ. ಏರಿನಲ್ಲಿ ನಿಂತ ತುಂಬಿದ ಲಾರಿಯನ್ನು ಹಿಂದಕ್ಕೆ ಜಾರದಂತೆ ಮತ್ತೆ ಹೊರಡಿಸುವುದು ಸುಲಭವಲ್ಲ.

ಕಲಿಕಾ ಪರವಾನಗಿಯು 6 ತಿಂಗಳು ಚಾಲ್ತಿಯಲ್ಲಿರುತ್ತದೆ. ಅದು ದೊರೆತ 30 ದಿನಗಳ ನಂತರ ಚಾಲನಾ ಪರೀಕ್ಷೆಗೆ ಹಾಜರಾಗಬಹುದು.