ಹಾಲಿಗೆ ಬಿದ್ದ ಕಂದು ಹನಿ

ಒಂದು ಬೆಳಿಗ್ಗೆ ಹಾಲು ಕಾಯಲು ಇಟ್ಟಿದ್ದೆ. ಮೇಲಿನಿಂದ ಟಪ್ ಅಂತ ಒಂದು ಕಂದು ಹನಿ ಬಿತ್ತು. ತಲೆ ಎತ್ತಿದರೆ ಚಿಮಣಿ! ಅರ್ಧ ಲೀಟರ್ ಹಾಲು ಸಿಂಕಿಗೆ ಹೋದ ಮೇಲೆ ನನಗೆ ಬುದ್ಧಿ ಬಂತು.

ಬಸವನಗುಡಿಯ ನಮ್ಮ ಹಳೇ ಮನೆಯಲ್ಲಿ ಸೌದೆ ಒಲೆ ಇತ್ತು, ಮೇಲೆ ಹೊಗೆಗೂಡು. ಯುಗಾದಿಗೆ ಸುಣ್ಣ ಬಳಿಯುವ ಮುಂಚೆ ಕೋಲಿಗೆ ಗೋಣಿ ಕಟ್ಟಿ ಇಲ್ಲಣ ಹೊಡೆಯುತ್ತಿದ್ದೆವು. ಗ್ಯಾಸ್ ಬಂತು, ಮಸಿ ಹೋಯಿತು, ಜಿಡ್ಡು ಮಾತ್ರ ಉಳಿಯಿತು. ಅದು ಮಸಿಗಿಂತ ಹಟಮಾರಿ.

ಚಿಮಣಿ ಎಣ್ಣೆಯನ್ನು ಮಾಯ ಮಾಡುವುದಿಲ್ಲ ಕಣ್ರೀ, ಹಿಡಿದಿಟ್ಟುಕೊಳ್ಳುತ್ತದೆ ಅಷ್ಟೇ. ಫಿಲ್ಟರಿಗೆ ಸಿಗದೆ ತಪ್ಪಿಸಿಕೊಂಡದ್ದು ಮೋಟಾರಿಗೆ, ಹೊಗೆ ಹೊರಹೋಗುವ ಪೈಪಿಗೆ ಅಂಟುತ್ತದೆ. ಆಮೇಲೆ ಸದ್ದು ಜಾಸ್ತಿ, ಎಳೆಯುವುದು ಕಮ್ಮಿ. ಒಲೆ ಆರಿಸಿ, ಚಿಮಣಿ ಹಾಕಿ, ಒಂದು ತೆಳು ಕಾಗದ ಫಿಲ್ಟರಿಗೆ ಹಿಡಿಯಿರಿ. ಅಂಟಿಕೊಳ್ಳದೆ ಜಾರಿದರೆ ತೊಳೆಯುವ ಕಾಲ ಬಂತು ಅಂತ ತಿಳಿಯಿರಿ.

ದಿನಾ ಒಗ್ಗರಣೆ, ವಾರಕ್ಕೊಮ್ಮೆ ಬೋಂಡಾ ಮಾಡುವ ಮನೆಯಲ್ಲಿ ತಿಂಗಳಿಗೊಮ್ಮೆಯಾದರೂ ಫಿಲ್ಟರ್ ತೊಳೆಯಲೇಬೇಕು. ಮೊದಲು ಸ್ವಿಚ್ ಆರಿಸಿ. ಸ್ಟೀಲ್ ಫಿಲ್ಟರಾದರೆ ಟಬ್ಬಿನಲ್ಲಿ ಬಿಸಿನೀರು, ಎರಡು ಚಮಚ ವಾಷಿಂಗ್ ಸೋಡಾ, ಒಂದಿಷ್ಟು ಪಾತ್ರೆ ಸೋಪು ಹಾಕಿ ಅರ್ಧ ಗಂಟೆ ನೆನೆಸಿ. ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಕೈಗೆ ಗ್ಲೌಸ್ ಇರಲಿ. ಅಲ್ಯುಮಿನಿಯಂ ಜಾಲರಿಗೆ ಮಾತ್ರ ಸೋಡಾ ಬೇಡ, ಬರೀ ಸೋಪುನೀರು. ಸೋಡಾ ತಗುಲಿದರೆ ಕಪ್ಪಾಗುತ್ತದೆ; ನಾನೇ ಒಂದನ್ನು ಹಾಳು ಮಾಡಿದ್ದೇನೆ. ಬೋರ್‌ವೆಲ್ ನೀರಾದರೆ ಬಿಳಿ ಕಲೆ ಉಳಿಯುತ್ತದೆ, ಒಣಬಟ್ಟೆಯಲ್ಲಿ ಒರೆಸಿ. ಪೂರ್ತಿ ಒಣಗದೆ ಮತ್ತೆ ಹಾಕಬೇಡಿ. ಇದ್ದಿಲಿನ ಫಿಲ್ಟರ್ ತೊಳೆಯುವಂಥದ್ದಲ್ಲ, ಬದಲಾಯಿಸುವಂಥದ್ದು.

"ನಮ್ಮದು ಆಟೋ ಕ್ಲೀನ್ ಅಜ್ಜಿ" ಅಂತ ಮೊಮ್ಮಗಳು ನಗುತ್ತಾಳೆ. ಅದು ಒಳಗಿನ ಜಿಡ್ಡನ್ನು ಕರಗಿಸಿ ಕೆಳಗಿನ ಬಟ್ಟಲಿಗೆ ಇಳಿಸುತ್ತದೆ, ನಿಜ. ಬಟ್ಟಲು ಖಾಲಿ ಮಾಡುವವರು ಯಾರು? ಪೈಪಿನ ಒಳಗಂತೂ ಅದರ ಕೈ ಹೋಗುವುದೇ ಇಲ್ಲ.

ನನಗೆ ಭಯ ಆ ಪೈಪಿನದ್ದೇ. ಬಾಣಲೆಯ ಬೆಂಕಿ ಮೇಲಕ್ಕೆ ನೆಗೆದರೆ ಜಿಡ್ಡು ಹಿಡಿದ ಪೈಪ್ ಬತ್ತಿಯ ಹಾಗೆ ಉರಿಯುತ್ತದೆ. ಹಾಗಾದರೆ ಗ್ಯಾಸ್, ಚಿಮಣಿ ಎರಡನ್ನೂ ಆರಿಸಿ, ಬಾಣಲೆಗೆ ಮುಚ್ಚಳ ಹಾಕಿ. ನೀರು ಮಾತ್ರ ಸುರಿಯಬೇಡಿ. ಬೆಂಕಿ ಪೈಪಿಗೆ ಹತ್ತಿದ್ದರೆ ಎಲ್ಲರನ್ನೂ ಹೊರಗೆ ಕಳಿಸಿ 112ಕ್ಕೆ ಫೋನ್ ಮಾಡಿ. ಇನ್ನು ನಮ್ಮೂರಿನ ಪಾರಿವಾಳಗಳು ಗೊತ್ತಲ್ಲ, ಪೈಪಿನ ಹೊರಬಾಯಿ ತೆರೆದಿದ್ದರೆ ಗೂಡು ಕಟ್ಟದೆ ಬಿಡುವುದಿಲ್ಲ. ಅಲ್ಲಿಗೊಂದು ಕೌಲ್, ಅಂದರೆ ಹೊಗೆ ಹೋಗಲು ಬಿಟ್ಟು ಹಕ್ಕಿಯನ್ನು ತಡೆಯುವ ಮುಚ್ಚಳ, ಹಾಕಿಸಿ.

ಅವರೆಕಾಯಿ ಕಾಲ ಶುರುವಾಗುವ ಮುಂಚೆ, ನವೆಂಬರಿನಲ್ಲಿ, ನಾನು ಸರ್ವಿಸಿನವರನ್ನು ಕರೆಸುತ್ತೇನೆ. ಬಂದವರು ಫಿಲ್ಟರ್ ಒರೆಸಿ "ಆಯ್ತು ಅಮ್ಮಾ" ಅಂತ ಹೊರಡಲು ನೋಡುತ್ತಾರೆ. ಕಾಫಿ ಕೊಟ್ಟು ಕೂರಿಸಿ, ಪೈಪ್ ಬಿಚ್ಚಿಸಿಯೇ ಕಳಿಸುತ್ತೇನೆ.