ಹಳೆಯ ಲೈಬ್ರರಿಗೆ ಹೊಸ ಪ್ಯಾಕೇಜ್: ನನ್ನ ಅನುಭವ

ನಮ್ಮ ಡಿಸ್ಟ್ರೋ (ನಾವು ಹಂಚುವ ಲಿನಕ್ಸ್) ಓಪನ್‌ಎಸ್‌ಎಸ್‌ಎಲ್ 3ಕ್ಕೆ, ಅಂದರೆ ನೆಟ್ ಸಂಪರ್ಕವನ್ನು ಸುರಕ್ಷಿತವಾಗಿಡುವ ಲೈಬ್ರರಿಯ ಹೊಸ ಆವೃತ್ತಿಗೆ, ದಾಟಿದ ಮೇಲೆ ಶುರುವಾದ ಗಲಾಟೆ ಇದು. ಸೋರ್ಸ್ (ಮೂಲ ಕೋಡ್) ಇದ್ದದ್ದನ್ನೆಲ್ಲ ಮತ್ತೆ ಬಿಲ್ಡ್ ಮಾಡಿದೆವು. ಸೋರ್ಸೇ ಸಿಗದ ಹಳೆಯ ಆಟಗಳು, ಪ್ರಿಂಟರ್ ಡ್ರೈವರ್‌ಗಳು, ಲೈಸೆನ್ಸ್ ಕೀ ಕೇಳುವ ಸಾಫ್ಟ್‌ವೇರ್‌ಗಳು ಮಾತ್ರ ಓಪನ್‌ಎಸ್‌ಎಸ್‌ಎಲ್‌ನ ಹಳೆಯ ಲೈಬ್ರರಿ ಲಿಬ್‌ಎಸ್‌ಎಸ್‌ಎಲ್ 1.1 ಬೇಕೇ ಬೇಕು ಅಂತ ಹಟ ಹಿಡಿದವು. ಹೊಸದರ ಪಕ್ಕದಲ್ಲೇ ಹಳೆಯ ಲೈಬ್ರರಿಯನ್ನೂ ಕೊಡುವ ಕಂಪ್ಯಾಟ್ ಪ್ಯಾಕೇಜ್ ನಾನು ಮಾಡ್ತೀನಿ ಅಂದೆ. ತಂಡದಲ್ಲಿ ಯಾರಿಗೂ ನಂಬಿಕೆ ಇರಲಿಲ್ಲ. "ಒಮ್ಮೆ ಒಳಗೆ ಬಿಟ್ಕೊಂಡ್ರೆ ಹೊರಗೆ ಹಾಕೋಕೆ ಆಗಲ್ಲ. ನಾಳೆ ಹೊಸ ಪ್ಯಾಕೇಜನ್ನೂ ಇದಕ್ಕೇ ಲಿಂಕ್ ಮಾಡ್ತಾರೆ" ಅಂದರು ಪ್ಯಾಕೇಜ್ ನೋಡಿಕೊಳ್ಳುವ ಹಿರಿಯ ಮೇಂಟೇನರ್ ಒಬ್ಬರು. ಹಳೆಯ ಪ್ರೋಗ್ರಾಂ ಅನ್ನು ಅದರದೇ ಲೈಬ್ರರಿಗಳ ಜೊತೆ ಬೇರೆಯಾಗಿ ಓಡಿಸುವ ಕಂಟೇನರ್ ಇದೆಯಲ್ಲ, ಸುಮ್ನೆ ಯಾಕೆ ತಲೆನೋವು ಅಂದವರೂ ಇದ್ದರು. ಮೂರು-ನಾಲ್ಕು ಎಂಬಿ ಲೈಬ್ರರಿಗೋಸ್ಕರ ನೂರಾರು ಎಂಬಿ ರನ್‌ಟೈಮ್ ಇಳಿಸಿಕೊಳ್ಳಬೇಕಾ? ನನಗೆ ಒಪ್ಪಿಗೆಯಾಗಲಿಲ್ಲ.

ಹಿರಿಯರ ಭಯಕ್ಕೆ ನನ್ನ ಉತ್ತರ ಇಷ್ಟೇ: ಪ್ಯಾಕೇಜಿನಲ್ಲಿ ಆವೃತ್ತಿ ನಂಬರ್ ಇರುವ ಎಸ್‌ಒ ಫೈಲ್ (ಪ್ರೋಗ್ರಾಂ ಓಡುವಾಗ ಲೋಡ್ ಆಗುವ ಲೈಬ್ರರಿ) ಬಿಟ್ಟು ಬೇರೇನೂ ಇಡಬೇಡಿ. ಹೊಸದನ್ನು ಬಿಲ್ಡ್ ಮಾಡಲು ಬೇಕಾದ ಹೆಡರ್ ಇಲ್ಲ, ಪಿಕೆಜಿ-ಕಾನ್ಫಿಗ್ ಫೈಲ್ ಇಲ್ಲ, ನಂಬರ್ ಇಲ್ಲದ ಸಿಮ್‌ಲಿಂಕ್ (ಬೇರೆ ಫೈಲನ್ನು ತೋರಿಸುವ ಕೊಂಡಿ) ಇಲ್ಲ, ಕಮಾಂಡ್ ಇಲ್ಲ. ಲಿಂಕ್ ಮಾಡಲು ಬಂದವನಿಗೆ ಹಿಡಿಯಲು ಜುಟ್ಟೇ ಸಿಗಬಾರದು. ಅದರ ಮೇಲೂ ಯಾರಾದರೂ ಬಿಲ್ಡ್ ಡಿಪೆಂಡೆನ್ಸಿಯಲ್ಲಿ (ಬಿಲ್ಡಿಗೆ ಬೇಕಾದವುಗಳ ಪಟ್ಟಿಯಲ್ಲಿ) ಇದರ ಹೆಸರು ಬರೆದರೆ ಆರ್ಕೈವ್ ಸ್ಕ್ರಿಪ್ಟ್ ಅದನ್ನು ವಾಪಸ್ ಕಳಿಸುತ್ತದೆ. ಇವತ್ತಿನವರೆಗೆ ಒಂದೇ ಒಂದು ಹೊಸ ಪ್ಯಾಕೇಜೂ ಇದಕ್ಕೆ ಅಂಟಿಕೊಂಡಿಲ್ಲ.

ಬಿಲ್ಡ್ ಸುಲಭವಾಗಿಯೇ ಆಯ್ತು. ಪ್ರೋಗ್ರಾಂ ಮಾತ್ರ ಏಳಲಿಲ್ಲ. 'ಲಿಬ್‌ಪ್ರೊವೈಡರ್ಸ್ ಸಿಗುತ್ತಿಲ್ಲ' ಅಂತ ಎರರ್. ಅಂಥದ್ದೊಂದು ಲೈಬ್ರರಿಯೇ ಇಲ್ಲ! ಕಾರಣ ಹೊಸ ಕಾನ್ಫಿಗ್ (ಸೆಟ್ಟಿಂಗ್ಸ್) ಫೈಲ್. 3ರ ಕಾನ್ಫಿಗ್‌ನಲ್ಲಿ ಪ್ರೊವೈಡರ್ಸ್ ಅನ್ನುವ ಭಾಗ ಇರುತ್ತದೆ. 1.1ಕ್ಕೆ ಅದು ಗೊತ್ತಿಲ್ಲ. ಯಾವುದೋ ಮಾಡ್ಯೂಲ್ ಇರಬೇಕು ಅಂದುಕೊಂಡು ಆ ಹೆಸರಿನ ಎಸ್‌ಒ ಹುಡುಕಿಕೊಂಡು ಹೊರಡುತ್ತದೆ. ಎನ್ವಿರಾನ್‌ಮೆಂಟ್ ವೇರಿಯಬಲ್ ಹಾಕಿ ಕಾನ್ಫಿಗ್ ಓದದ ಹಾಗೆ ಮಾಡಿದರೆ ಓಡುತ್ತದೆ, ಎಲ್ಲರೂ ಅದನ್ನೇ ಹೇಳ್ತಾರೆ. ಆದರೆ ಪ್ಯಾಕೇಜ್ ಅಂದ ಮೇಲೆ ಬಳಸುವವರು ಏನೂ ಮಾಡುವಂತಿರಬಾರದು, ಅಲ್ವಾ? ಅದಕ್ಕೆ ಬಿಲ್ಡ್ ಹಂತದಲ್ಲೇ ಓಪನ್‌ಎಸ್‌ಎಸ್‌ಎಲ್‌ಡಿರ್, ಅಂದರೆ ಕಾನ್ಫಿಗ್ ಹುಡುಕುವ ಡೈರೆಕ್ಟರಿ, ಬೇರೆ ಕೊಟ್ಟೆ. ತಕ್ಷಣ, ಸರ್ವರ್ ಅಸಲಿಯೇ ಅಂತ ನೋಡಲು ಬೇಕಾದ ಸರ್ಟಿಫಿಕೇಟ್‌ಗಳು ಕಾಣೆ! ಅವನ್ನೂ ಅದೇ ಡೈರೆಕ್ಟರಿಯಲ್ಲಿ ಹುಡುಕುತ್ತದೆ ನೋಡಿ. ಸಿಸ್ಟಂನ ಸರ್ಟಿಫಿಕೇಟ್‌ಗಳಿಗೆ ಅಲ್ಲಿಂದ ಸಿಮ್‌ಲಿಂಕ್ ಹಾಕಿದೆ. ನನ್ನ ನಿಯಮಕ್ಕೆ ಇದೊಂದೇ ವಿನಾಯಿತಿ.

ಒಂದೇ ಪ್ರೋಸೆಸ್‌ನಲ್ಲಿ 1.1 ಮತ್ತು 3 ಎರಡೂ ಲೋಡ್ ಆದರೆ ಗತಿಯೇನು ಅಂತ ಕೇಳಿದವರು ಬಹಳ. ಎರಡರಲ್ಲೂ ಸಿಂಬಲ್‌ಗಳಿಗೆ (ಫಂಕ್ಷನ್‌ಗಳಂಥವುಗಳ ಹೆಸರುಗಳಿಗೆ) ವರ್ಶನ್ ಇದೆ, ಹಾಗಾಗಿ ಹೆಸರು ಡಿಕ್ಕಿ ಹೊಡೆಯುವುದಿಲ್ಲ. ಒಂದು ಲೈಬ್ರರಿ ಕೊಟ್ಟ ಪಾಯಿಂಟರನ್ನು (ಮೆಮೊರಿ ವಿಳಾಸವನ್ನು) ಇನ್ನೊಂದರ ಕೈಗೆ ಕೊಟ್ಟರೆ ಮಾತ್ರ ಕ್ರ್ಯಾಶ್ ಆಗಬಹುದು. ಒಂದು ಪ್ಲಗಿನ್‌ನಲ್ಲಿ ಹಾಗೇ ಆಯ್ತು. ಅದಕ್ಕೆ ಒಂದು ಉಪಾಯ ಮಾಡಿದ್ದೇನೆ. ಇನ್ನೂ ಹಸಿಹಸಿ ಇದೆ, ಇಲ್ಲಿ ಬರೆಯಲ್ಲ.

ಈ ಧೈರ್ಯದಲ್ಲಿ ಟರ್ಮಿನಲ್ ಪರದೆಯನ್ನು ನಿಭಾಯಿಸುವ ಲೈಬ್ರರಿ ಎನ್‌ಕರ್ಸಸ್ 5ಕ್ಕೂ ಕೈ ಹಾಕಿದೆ. ಇಲ್ಲಿ ಹಳೆಯ ಸೋರ್ಸೇ ಬೇಡ. 6ರ ಸೋರ್ಸಿಗೆ ಎಬಿಐ (ಬಿಲ್ಡ್ ಆದ ಪ್ರೋಗ್ರಾಂ ಮತ್ತು ಲೈಬ್ರರಿ ನಡುವಿನ ಒಪ್ಪಂದ) ವರ್ಶನ್ 5 ಅಂತ ಕಾನ್ಫಿಗರ್‌ನಲ್ಲಿ ಹೇಳಿದರೆ ಸಾಕು, ಹಳೆಯ ಸೋನೇಮ್ (ಪ್ರೋಗ್ರಾಂ ಹುಡುಕುವ ಲೈಬ್ರರಿ ಹೆಸರು) ಬರುತ್ತದೆ, ಹೊಸ ತಿದ್ದುಪಡಿಗಳೂ ಒಳಗಿರುತ್ತವೆ. ಸಿಂಬಲ್ ವರ್ಶನ್ ಹಾಕುವ ಆಯ್ಕೆ ಕೊಡಲು ಮರೆತರೆ ಹಳೆಯ ಪ್ರೋಗ್ರಾಂ 'ವರ್ಶನ್ ಮಾಹಿತಿ ಇಲ್ಲ' ಅಂತ ಪ್ರತಿ ಸಲ ಗೊಣಗುತ್ತದೆ. ಪಕ್ಕದಲ್ಲೇ ಒಂದು ಪ್ರಯೋಗವನ್ನೂ ಮಾಡಿದೆ: 6ಕ್ಕೆ ಸುಮ್ನೆ 5ರ ಹೆಸರಿನ ಸಿಮ್‌ಲಿಂಕ್. ಸಣ್ಣ ಪ್ರೋಗ್ರಾಂಗಳು ಓಡಿದವು. ಆದರೆ ಎರಡರಲ್ಲಿ ಬಣ್ಣ ಮತ್ತು ಮೌಸ್‌ನ ಲೆಕ್ಕವೇ ಬೇರೆ, ಮೆಮೊರಿಯಲ್ಲಿ ಡೇಟಾ ಇಡುವ ಸ್ಟ್ರಕ್ಚರ್‌ನ ಅಳತೆ ಬೇರೆ. ಹಾಗಾಗಿ ಸಿಮ್‌ಲಿಂಕ್ ದಾರಿಯನ್ನು ಯಾರಿಗೂ ಹೇಳಬೇಡಿ.

ಇನ್ನು ದುಡ್ಡು. ಎಕ್ಸ್86 (ಸಾಮಾನ್ಯ ಪಿಸಿ ಚಿಪ್) ಬಿಲ್ಡ್ ನನ್ನ ಲ್ಯಾಪ್‌ಟಾಪ್‌ನಲ್ಲೇ ಹತ್ತು-ಹದಿನೈದು ನಿಮಿಷ. ಆರ್ಮ್ ಚಿಪ್‌ನ ಬಿಲ್ಡನ್ನು ಎಮ್ಯುಲೇಶನ್‌ನಲ್ಲಿ (ಲ್ಯಾಪ್‌ಟಾಪೇ ಆ ಚಿಪ್‌ನಂತೆ ನಟಿಸುವ ಹಾಗೆ) ಹಾಕಿದರೆ ಟೆಸ್ಟ್ ಸೂಟ್ ಸಮೇತ ರಾತ್ರಿಯೆಲ್ಲ ಓಡುತ್ತಿತ್ತು, ಒಮ್ಮೊಮ್ಮೆ ಟೈಮ್‌ಔಟ್ ಆಗಿ ಬೆಳಿಗ್ಗೆ ಕೈಗೆ ಏನೂ ಇಲ್ಲ. ಗಂಟೆ ಲೆಕ್ಕದ ಆರ್ಮ್ ಸರ್ವರ್ ಬಾಡಿಗೆಗೆ ಹಿಡಿದೆ, ಕೈಯಿಂದಲೇ ದುಡ್ಡು ಹಾಕಿ. ಪ್ರಾಜೆಕ್ಟಿನ ದೇಣಿಗೆ ಹಣ ಮಿರರ್‌ಗಳಿಗೇ (ಡೌನ್‌ಲೋಡ್ ಸರ್ವರ್‌ಗಳಿಗೇ) ಸಾಲುತ್ತಿರಲಿಲ್ಲ, ಸಂಶಯದ ಪ್ಯಾಕೇಜಿಗೆ ಯಾರು ಕೊಡ್ತಾರೆ? ಕೊನೆಗೆ ಸೆಕೆಂಡ್ ಹ್ಯಾಂಡ್ ಆರ್ಮ್ ಬೋರ್ಡ್ ಕೊಂಡೆ. ಎರಡು ತಿಂಗಳ ಬಾಡಿಗೆಗೂ ಕಡಿಮೆಗೆ ಬಂತು. ನಿಧಾನ, ಆದರೆ ಮೀಟರ್ ಓಡುವುದಿಲ್ಲ.

ಟೆಸ್ಟಿಗೆ ಬಳಕೆದಾರರಿಂದ ಮೂವತ್ತು-ನಲವತ್ತು ಹಳೆಯ ಬೈನರಿ (ಬಿಲ್ಡ್ ಆಗಿರುವ ಪ್ರೋಗ್ರಾಂ) ಕೂಡಿಸಿದೆ. ಎಲ್ಲವನ್ನೂ, ಶುರುವಿನಲ್ಲೇ ಎಲ್ಲ ಫಂಕ್ಷನ್ ಹುಡುಕಿಸುವ ಎಲ್‌ಡಿ-ಬೈಂಡ್-ನೌ ಹಾಕಿಯೇ ಓಡಿಸುತ್ತೇನೆ. ಇಲ್ಲದಿದ್ದರೆ ಕಾಣೆಯಾದ ಫಂಕ್ಷನ್ ಯಾವುದೋ ಮೆನು ಒತ್ತಿದಾಗ ಗೊತ್ತಾಗುತ್ತದೆ. ಬೈನರಿ ಯಾವ ಕಾಲದ್ದು ಅಂತ ಗುರುತಿಸಿ ಗುಂಪು ಮಾಡುವ ಸ್ಕ್ರಿಪ್ಟ್ ಒಂದಿದೆ. ಅದು ನನ್ನ ಹತ್ತಿರವೇ ಇರಲಿ.

ಓಪನ್‌ಎಸ್‌ಎಸ್‌ಎಲ್ 1.1.1ಕ್ಕೆ ಉಚಿತ ಬೆಂಬಲ 2023ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. ಆದ್ದರಿಂದ ಆಮೇಲಿನ ಸೆಕ್ಯುರಿಟಿ ಪ್ಯಾಚ್‌ಗಳನ್ನು, ಆ ಆವೃತ್ತಿಯನ್ನು ಸಾಕುತ್ತಾ ಬಂದ ದೊಡ್ಡ ಡಿಸ್ಟ್ರೋಗಳ ಸೋರ್ಸ್ ಪ್ಯಾಕೇಜ್‌ನಿಂದ ತರುತ್ತೇನೆ. ಜಾಸ್ತಿ ಕೆಲಸ ಏನಲ್ಲ, ಹೆಚ್ಚಿನವು ಹಾಗೇ ಕೂರುತ್ತವೆ. ಬೇಡ ಅಂದಿದ್ದ ಹಿರಿಯರ ಯಂತ್ರದಲ್ಲೂ ಈಗ ಇದು ಇದೆ, ಅವರ ಹಳೆಯ ಸ್ಕ್ಯಾನರ್‌ಗಾಗಿ. ಪಿಎನ್‌ಜಿ ಚಿತ್ರಗಳ ಹಳೆಯ ಲೈಬ್ರರಿ ಲಿಬ್‌ಪಿಎನ್‌ಜಿ 1.2 ಯಾವಾಗ ಅಂತ ಮೊನ್ನೆ ಅವರೇ ಕೇಳಿದರು. ಬಿಲ್ಡ್ ಆಗಿದೆ. ಅದನ್ನು ಬೇಡುವ ಹಳೆಯ ಬೈನರಿಗಳು ನಿಮ್ಮ ಹತ್ತಿರ ಇದ್ದರೆ ಕಳಿಸಿ, ಟೆಸ್ಟ್ ಮಾಡದೆ ನಾನು ಹೊರಗೆ ಬಿಡಲ್ಲ.