ಮಲೆನಾಡಿನ ಮಳೆಯಲ್ಲಿ ಫೌಂಡ್ರಿ ಹೊಗೆ ಹಿಡಿಯುವ ಬಗೆ

ಶಿವಮೊಗ್ಗ–ಭದ್ರಾವತಿ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಫೌಂಡ್ರಿಯೊಂದರಲ್ಲಿ (ಎರಕದ ಕಾರ್ಖಾನೆಯಲ್ಲಿ) 500 ಕೆಜಿ ಇಂಡಕ್ಷನ್ ಫರ್ನೇಸ್‌ಗೆ (ಕರೆಂಟಿನಿಂದ ಲೋಹ ಕರಗಿಸುವ ಕುಲುಮೆಗೆ) ಹೊಗೆ ಹಿಡಿಯುವ ವ್ಯವಸ್ಥೆ ಕೂರಿಸಿ ನಡೆಸಿದ ವಿವರ ಇದು. ಅಳತೆಗಳೆಲ್ಲ ಈ ಗಾತ್ರದ ಫರ್ನೇಸ್‌ಗೆ ಸಂಬಂಧಪಟ್ಟವು. ನಿಮ್ಮದು ದೊಡ್ಡದಿದ್ದರೆ ಲೆಕ್ಕದ ದಾರಿ ಇದೇ, ಅಂಕಿ ಮಾತ್ರ ಬೇರೆ.

ಮೊದಲು ಹೊಗೆಯ ಬಣ್ಣ ನೋಡುವುದನ್ನು ಕಲಿಯಬೇಕು. ದಟ್ಟ ಬಿಳಿ ಹೊಗೆ ಎದ್ದರೆ ಗುಜರಿಯಲ್ಲಿ ಕಲಾಯಿ (ಸತು ಲೇಪದ) ತಗಡು ಸೇರಿದೆ ಎಂದರ್ಥ. ಸತು 907 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ಕಬ್ಬಿಣ ಕರಗುವ ಎಷ್ಟೋ ಮೊದಲೇ ಅದು ಆವಿಯಾಗಿ ಗಾಳಿಗೆ ತಾಗಿ ಸತುವಿನ ಆಕ್ಸೈಡ್ ಪುಡಿಯಾಗುತ್ತದೆ. ಕಪ್ಪು ಹೊಗೆ ಎಂದರೆ ಎಣ್ಣೆ: ಲೇತ್‌ನ ಟರ್ನಿಂಗ್ (ಲೋಹದ ಸುರುಳಿ ಚೂರು), ಬೋರಿಂಗ್ ಪುಡಿಗೆ ಅಂಟಿದ ಕಟಿಂಗ್ ಆಯಿಲ್, ಪೇಂಟ್. ಕೆಂಗಂದು ಹೊಗೆ ಕಬ್ಬಿಣದ ಆಕ್ಸೈಡ್. ಕರಗಿದ ಲೋಹವನ್ನು ಅತಿಯಾಗಿ ಕಾಯಿಸಿದಾಗ, ತುಕ್ಕು ಗುಜರಿ ಹಾಕಿದಾಗ ಬರುತ್ತದೆ. ಶುದ್ಧ ಗುಜರಿ ಹಾಕಿದರೂ ಟನ್ನಿಗೆ ಸುಮಾರು ಅರ್ಧದಿಂದ ಒಂದು ಕೆಜಿ ಧೂಳು ಎದ್ದೇ ಏಳುತ್ತದೆ. ಅದರಲ್ಲಿ ಹೆಚ್ಚಿನದು ಒಂದು ಮೈಕ್ರಾನಿಗಿಂತ ಸಣ್ಣ ಕಣ. ಸೈಕ್ಲೋನ್‌ಗೆ (ಗಾಳಿಯನ್ನು ಸುತ್ತಿಸಿ ಧೂಳು ಬೀಳಿಸುವ ಸಾಧನಕ್ಕೆ) ಅದು ಸಿಗುವುದಿಲ್ಲ, ಸೋಸಲು ಬಟ್ಟೆಯ ಚೀಲವೇ ಬೇಕು.

ಹಾಗಾಗಿ ಕೆಲಸ ಶುರುವಾಗುವುದು ಗುಜರಿ ಯಾರ್ಡಿನಿಂದ. ಕಲಾಯಿ ತಗಡು, ಗ್ಯಾಲ್ವನೈಸ್ ಪೈಪು ಬೇರೆ ರಾಶಿಗೆ. ಎಣ್ಣೆ ಟರ್ನಿಂಗನ್ನು ಜರಡಿ ತಳದ ತೊಟ್ಟಿಯಲ್ಲಿ ಎರಡು ದಿನ ಸೋರಲು ಬಿಟ್ಟು ಆಮೇಲೆ ಬಳಸುವುದು, ಅದೂ ಪ್ರತಿ ಚಾರ್ಜ್‌ಗೆ (ಫರ್ನೇಸ್‌ಗೆ ತುಂಬುವ ಒಂದು ಕಂತಿಗೆ) ಸ್ವಲ್ಪ ಸ್ವಲ್ಪವೇ. ಇನ್ನು ಗುಜರಿಗೆ ಸೂರು ಇರಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಲ್ಲಿ ಬಿದ್ದ ಗುಜರಿಯ ಸಂದಿಯಲ್ಲಿ ನೀರು ಕುಳಿತಿರುತ್ತದೆ. ಅದು ಕರಗಿದ ಲೋಹದ ಅಡಿಗೆ ಹೋದರೆ ಹಬೆ ಸ್ಫೋಟಿಸಿ ಲೋಹ ಮೇಲಕ್ಕೆ ಎರಚುತ್ತದೆ. ಹೊಗೆಯ ವಿಷಯ ಆಮೇಲಿನದು, ಇದು ಜೀವದ ಪ್ರಶ್ನೆ.

ಹುಡ್ (ಹೊಗೆ ಎಳೆದುಕೊಳ್ಳುವ ಬಾಯಿ) ಎಲ್ಲಿಡಬೇಕು ಎನ್ನುವುದೇ ಇಡೀ ಯೋಜನೆಯ ಹಣೆಬರಹ ಬರೆಯುತ್ತದೆ. ಕ್ರೇನ್ ಓಡಾಡಲು ಜಾಗ ಬಿಟ್ಟು ಮೂರು ಮೀಟರ್ ಮೇಲೆ ಛತ್ರಿಯಂತೆ ಹುಡ್ ನೇತುಹಾಕುವುದು ಸುಲಭ. ಆದರೆ ಬಿಸಿ ಹೊಗೆ ಮೇಲೇರುತ್ತ ಸುತ್ತಲಿನ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಫರ್ನೇಸ್ ಮೇಲ್ಭಾಗದ ಸುತ್ತಳತೆ 4.8 ಮೀಟರ್, ಎತ್ತರ 3 ಮೀಟರ್, ಹಿಡಿಯುವ ವೇಗ ಸೆಕೆಂಡಿಗೆ 0.6 ಮೀಟರ್ ಎಂದಿಟ್ಟುಕೊಂಡು, ಇವನ್ನು ಒಂದಕ್ಕೊಂದು ಗುಣಿಸಿ ಈ ಬಗೆಯ ಹುಡ್‌ನ ಲೆಕ್ಕಕ್ಕೆ ಬಳಸುವ 1.4ರಿಂದ ಮತ್ತೆ ಗುಣಿಸಿ. ಸೆಕೆಂಡಿಗೆ 12 ಘನ ಮೀಟರ್, ಅಂದರೆ ಗಂಟೆಗೆ 43,000 ಘನ ಮೀಟರ್ ಗಾಳಿ ಬೇಕಾಗುತ್ತದೆ. ಅದೇ ಹೊಗೆಯನ್ನು ಫರ್ನೇಸ್ ಬಾಯಲ್ಲೇ ಬಳೆಯಂಥ ಹುಡ್‌ನಿಂದ ಎಳೆದರೆ ಗಂಟೆಗೆ 6,000 ಘನ ಮೀಟರ್ ಸಾಕು. ಫ್ಯಾನು, ಚೀಲ, ಡಕ್ಟು (ಹೊಗೆ ಸಾಗುವ ಕೊಳವೆ), ಕರೆಂಟ್ ಬಿಲ್ಲು ಎಲ್ಲವೂ ಏಳು ಪಟ್ಟು ಚಿಕ್ಕದಾಗುತ್ತವೆ.

ಬಳೆ ಹುಡ್‌ನ ಒಳವ್ಯಾಸ 800 ಮಿ.ಮೀ. ಲೋಹ ಸುರಿಯುವ ಮೂತಿಯ ಕಡೆ ಕಾಲು ಭಾಗ ತೆರೆದೇ ಬಿಟ್ಟಿದೆ, ಕಿಟ್ಟ ತೆಗೆಯುವವರ ಸಲಾಕೆ ಆಡಲು ಆ ಜಾಗ ಬೇಕು. ಉಳಿದ ಮುಕ್ಕಾಲು ಸುತ್ತಿನಲ್ಲಿ ಒಳಮುಖವಾಗಿ ಸುಮಾರು 90 ಮಿ.ಮೀ. ಎತ್ತರದ ಸೀಳು, ಅದರಲ್ಲಿ ಗಾಳಿ ಸೆಕೆಂಡಿಗೆ 10 ಮೀಟರ್ ಆಸುಪಾಸಿನಲ್ಲಿ ನುಗ್ಗುತ್ತದೆ. ಸೀಳನ್ನು ಒಂದೇ ಅಳತೆಗೆ ಕೊರೆದು ಬಿಟ್ಟರೆ ಡಕ್ಟ್ ಸೇರುವ ಕಡೆ ಜೋರಾಗಿ ಎಳೆಯುತ್ತದೆ, ಎದುರು ಬದಿಯಲ್ಲಿ ಹೊಗೆ ಹಾಗೇ ಮೇಲೇಳುತ್ತದೆ. ಅದಕ್ಕೆ ಸೀಳಿನ ಮೇಲೆ ಉದ್ದ ತೂತಿನ ಪಟ್ಟಿಗಳನ್ನು ಬೋಲ್ಟ್ ಮಾಡಿ, ಡಕ್ಟ್ ಹತ್ತಿರ ಕಿರಿದಾಗಿ, ದೂರಕ್ಕೆ ಹೋದಂತೆ ಅಗಲವಾಗಿ ಹೊಂದಿಸಬೇಕು. ಹುಡ್ ಫರ್ನೇಸ್ ಜೊತೆಗೇ ವಾಲುವಂತಿರಬೇಕಾದ್ದರಿಂದ ಡಕ್ಟ್‌ನ ತಿರುಗುವ ಜೋಡಣೆಯ ಕೇಂದ್ರವೂ ಫರ್ನೇಸ್‌ನ ಹಿಂಜ್ ಪಿನ್ನಿನ ಕೇಂದ್ರವೂ ಒಂದೇ ಗೆರೆಯಲ್ಲಿರಬೇಕು. ಹತ್ತು ಮಿ.ಮೀ. ಆಚೀಚೆಯಾದರೂ ಫ್ಲಾಂಜ್ ತಿಕ್ಕಿ ಸೆರಾಮಿಕ್ ರೋಪ್ ಪ್ಯಾಕಿಂಗ್ ಕಿತ್ತುಬರುತ್ತದೆ, ಹೊರಗಿನ ಗಾಳಿ ಅಲ್ಲೇ ಸೇರಿ ಹುಡ್ ಬಾಯಲ್ಲಿ ಎಳೆತ ಸತ್ತುಹೋಗುತ್ತದೆ.

ಹುಡ್‌ನ ನಕ್ಷೆ ಹಾಕುವಾಗ ಮೆಲ್ಟರ್‌ಗಳನ್ನು (ಫರ್ನೇಸ್ ನಡೆಸುವವರನ್ನು) ಪಕ್ಕದಲ್ಲಿ ಕೂರಿಸಿಕೊಳ್ಳಿ. ಹೊಗೆ ಅತಿ ಹೆಚ್ಚು ಬರುವುದು ಚಾರ್ಜ್ ಹಾಕುವಾಗ. ಆ ಹೊತ್ತಿನಲ್ಲೇ ಹುಡ್ ಕೈಗೆ ಅಡ್ಡ ಬಂದರೆ ಅವರು ಅದನ್ನು ಸರಿಸಿಯೇ ಇಡುತ್ತಾರೆ, ಅವರದ್ದು ತಪ್ಪೂ ಅಲ್ಲ. ಮ್ಯಾಗ್ನೆಟ್ ಇಳಿಯಲು, ಟೆಂಪರೇಚರ್ ಲ್ಯಾನ್ಸ್ (ಬಿಸಿ ಅಳೆಯುವ ಸಲಾಕೆ) ಅದ್ದಲು, ಕಿಟ್ಟ ಎಳೆಯಲು ಜಾಗ ಇದೆಯೇ ಎಂದು ಪ್ಲೈವುಡ್ಡಿನಲ್ಲಿ ಮಾದರಿ ಮಾಡಿ ತಣ್ಣಗಿನ ಫರ್ನೇಸ್ ಮೇಲಿಟ್ಟು ನೋಡಿದ ನಂತರವೇ ತಗಡು ಕತ್ತರಿಸುವುದು ಒಳ್ಳೆಯದು.

ಡಕ್ಟ್ 350 ಮಿ.ಮೀ. ವ್ಯಾಸ, 3 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್) ತಗಡು. ಇದರಲ್ಲಿ ವೇಗ ಸೆಕೆಂಡಿಗೆ 17 ಮೀಟರ್ ದಾಟುತ್ತದೆ. ವೇಗ ಬಹಳ ಇಳಿದರೆ ಧೂಳು ಅಡ್ಡ ಡಕ್ಟ್‌ನಲ್ಲಿ ಕುಳಿತು ದಿಣ್ಣೆ ಕಟ್ಟುತ್ತದೆ. ಬೆಂಡ್‌ಗಳ ತಿರುವು ವ್ಯಾಸದ ಒಂದೂವರೆ ಪಟ್ಟಿಗಿಂತ ಕಡಿಮೆ ಬೇಡ, ಪ್ರತಿ ಬೆಂಡಿಗೂ ಒಂದು ಕ್ಲೀನಿಂಗ್ ಬಾಗಿಲು.

ಡಕ್ಟ್ ಮುಗಿದು ಚೀಲಕ್ಕೆ ಹೋಗುವ ಮೊದಲು ಕಿಡಿ ಸಾಯಬೇಕು. ಸ್ಪಾರ್ಕ್ ಅರೆಸ್ಟರ್ ಎಂದು ದುಬಾರಿ ಸಾಮಾನು ಬೇಡ. ಸುಮಾರು 850 ಮಿ.ಮೀ. ಚೌಕದ ಪೆಟ್ಟಿಗೆ, ಒಳಗೆ ಎರಡು ಅಡ್ಡಹಲಗೆ. ವೇಗ ಸೆಕೆಂಡಿಗೆ ಸುಮಾರು 2.3 ಮೀಟರಿಗೆ ಇಳಿದು, ದಿಕ್ಕು ಎರಡು ಸಲ ತಿರುಗುವಾಗ ದಪ್ಪ ಕಣಗಳೂ ಕಿಡಿಗಳೂ ಕೆಳಗೆ ಬೀಳುತ್ತವೆ. ಇದನ್ನು ಬಿಟ್ಟರೆ ಚೀಲಗಳಲ್ಲಿ ಬಟಾಣಿ ಗಾತ್ರದ ಸುಟ್ಟ ತೂತುಗಳು ಕಾಣುತ್ತವೆ, ಒಂದೊಂದು ತೂತೂ ಚಿಮಣಿಯಲ್ಲಿ ಹೊಗೆಯಾಗಿ ಹೊರಬರುತ್ತದೆ.

ಚೀಲದ ಲೆಕ್ಕ ಹೀಗೆ. ಈ ಬಗೆಯ ಸಣ್ಣ ಕಣಕ್ಕೆ ಬಟ್ಟೆಯ ಮೂಲಕ ಗಾಳಿ ನಿಮಿಷಕ್ಕೆ ಒಂದು ಮೀಟರಿಗಿಂತ ವೇಗವಾಗಿ ಹೋಗಬಾರದು. ಗಂಟೆಗೆ 6,000, ಅಂದರೆ ನಿಮಿಷಕ್ಕೆ 100 ಘನ ಮೀಟರ್ ಗಾಳಿಗೆ 100 ಚದರ ಮೀಟರ್ ಬಟ್ಟೆ. 150 ಮಿ.ಮೀ. ವ್ಯಾಸ, 3 ಮೀಟರ್ ಉದ್ದದ ಚೀಲವೊಂದಕ್ಕೆ 1.41 ಚದರ ಮೀಟರ್. ಒಟ್ಟು 72 ಚೀಲ. ಬಟ್ಟೆ ಪಾಲಿಯೆಸ್ಟರ್ ನೀಡಲ್ ಫೆಲ್ಟ್, ಅದು ಸತತವಾಗಿ ತಾಳುವುದು 130 ಡಿಗ್ರಿ. ಆದ್ದರಿಂದ ಚೀಲಮನೆಯ (ಚೀಲಗಳಿರುವ ಪೆಟ್ಟಿಗೆಯ) ಒಳಹರಿವಿನಲ್ಲಿ ಬಿಸಿ ಅಳೆಯುವ ಥರ್ಮೋಕಪಲ್ ಇಟ್ಟು, 120 ದಾಟಿದರೆ ತಣ್ಣನೆ ಗಾಳಿಯ ಡ್ಯಾಂಪರ್ (ಗಾಳಿ ಬಾಗಿಲು) ತಾನಾಗಿ ತೆರೆಯುವಂತೆ ಮಾಡಬೇಕು. ಹೊಸ ಚೀಲಕ್ಕೆ ಮೊದಲ ಹೀಟ್‌ಗೂ (ಒಂದು ಸಲದ ಕರಗಿಸುವಿಕೆಗೂ) ಮುನ್ನ 25 ಕೆಜಿ ಸುಣ್ಣದಕಲ್ಲಿನ ನಯವಾದ ಪುಡಿ ಊದಿಸಿ ಲೇಪ ಕೊಡಿ. ಲೇಪ ಇಲ್ಲದ ಹೊಸ ಬಟ್ಟೆಯ ನೂಲಿನೊಳಗೆ ಸತುವಿನ ಕಣ ಹೊಕ್ಕು ಕುಳಿತರೆ ಚೀಲ ಕೊಡವಲು ಬಿಡುವ ಪಲ್ಸ್ ಗಾಳಿಗೆ (ಒತ್ತಡದ ಗಾಳಿಯ ಹೊಡೆತಕ್ಕೆ) ಅದು ಹೊರಬರುವುದಿಲ್ಲ.

ಫ್ಯಾನ್ ಚೀಲದ ಆಚೆ, ಶುದ್ಧ ಗಾಳಿಯ ಬದಿಗೆ. ಒಟ್ಟು ಒತ್ತಡ 275 ಮಿ.ಮೀ. ನೀರಿನ ಮಟ್ಟ ಹಿಡಿದರೆ ಏಳು ಕಿಲೋವ್ಯಾಟ್ ಆಸುಪಾಸು ಬೇಕಾಗುತ್ತದೆ, ಮೋಟರ್ 12.5 ಎಚ್‌ಪಿ. ಮೋಟರಿನ ವೇಗ ಬದಲಿಸುವ ವಿಎಫ್‌ಡಿ ಹಾಕಿಸಿ. ಲೋಹ ಸುಮ್ಮನೆ ಬಿಸಿ ಹಿಡಿದಿರುವಾಗ ವೇಗ 70 ಶೇಕಡಕ್ಕೆ ಇಳಿಸಿದರೆ ಕರೆಂಟ್ ಮೂರನೇ ಒಂದು ಭಾಗಕ್ಕೆ ಬರುತ್ತದೆ. ಅದಕ್ಕಿಂತ ಕೆಳಗೆ ಇಳಿಸಬೇಡಿ, ಡಕ್ಟ್ ಕಟ್ಟಿಕೊಳ್ಳುತ್ತದೆ.

ಇಷ್ಟರವರೆಗೆ ಹೇಳಿದ್ದು ಯಾವ ಊರಿಗೂ ಸಲ್ಲುತ್ತದೆ. ನಮ್ಮ ಕಡೆ ಬ್ಯಾಗ್ ಫಿಲ್ಟರ್ ಕೆಡಿಸುವುದು ಬಿಸಿಗಿಂತ ಹೆಚ್ಚಾಗಿ ತೇವ. ಬಯಲುಸೀಮೆಯ ಪೂರೈಕೆದಾರರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಂಜೆ ಕೊನೆಯ ಹೀಟ್ ಮುಗಿಸಿ ಫ್ಯಾನ್ ಆರಿಸಿದರೆ ಚೀಲಮನೆಯೊಳಗೆ ಬೆಚ್ಚಗಿನ, ತೇವದ ಗಾಳಿ ಉಳಿಯುತ್ತದೆ. ರಾತ್ರಿ ಜಿರಾಪತಿ ಮಳೆಗೆ ತಗಡು ತಣಿದು ಒಳಗೋಡೆಯಲ್ಲಿ ನೀರು ಬೆವರುತ್ತದೆ, ಚೀಲದ ಮೇಲೆ ಇಳಿಯುತ್ತದೆ. ಧೂಳಿನಲ್ಲಿ ಸುಣ್ಣ, ಮೆಗ್ನೀಸಿಯಂ ಆಕ್ಸೈಡ್ ಇರುವುದರಿಂದ ಬೆಳಗಾಗುವಷ್ಟರಲ್ಲಿ ಅದು ಗಾರೆಯಾಗಿರುತ್ತದೆ. ಅಂಥ ಚೀಲವನ್ನು ಹೊರತೆಗೆದು ಬೆರಳಲ್ಲಿ ಮಡಚಿದರೆ ಪದರು ಚಟಚಟ ಒಡೆಯುತ್ತದೆ, ಆದರೆ ಬಟ್ಟೆಯಿಂದ ಬಿಡುವುದಿಲ್ಲ. ಆ ಚೀಲ ಮತ್ತೆ ಕೆಲಸಕ್ಕೆ ಬಾರದು.

ಪರಿಹಾರ ಕಷ್ಟದ್ದಲ್ಲ, ಆದರೆ ದಿನಾ ಮಾಡಬೇಕು. ಕೊನೆಯ ಹೀಟ್ ನಂತರ ಇಪ್ಪತ್ತು ನಿಮಿಷ ಫ್ಯಾನ್ ಓಡಿಸಿ ಒಳಗಿನ ಗಾಳಿ ಬದಲಿಸಿ. ಫ್ಯಾನ್ ನಿಲ್ಲಿಸಿದ ಮೇಲೆ ಪಲ್ಸ್ ಗಾಳಿಯನ್ನು ಇನ್ನೂ ಎರಡು ಮೂರು ಸುತ್ತು ಕೊಡಿ. ಎಳೆತ ಇಲ್ಲದಾಗ ಧೂಳು ಸಲೀಸಾಗಿ ಉದುರುತ್ತದೆ. ಹಾಪರ್ (ಧೂಳು ಬೀಳುವ ಕೆಳಗಿನ ತೊಟ್ಟಿ) ಅಂದೇ ಸಂಜೆ ಖಾಲಿಯಾಗಬೇಕು, ರಾತ್ರಿ ಉಳಿದ ಧೂಳು ಬೆಳಿಗ್ಗೆ ಕಲ್ಲು. ಚೀಲಮನೆಯ ಹೊರಮೈಗೆ 50 ಮಿ.ಮೀ. ಮಿನರಲ್ ವುಲ್, ಮೇಲೆ ಅಲ್ಯೂಮಿನಿಯಂ ತಗಡು, ಹಾಪರ್‌ನ ಕೆಳಭಾಗಕ್ಕೆ ಸ್ಟ್ರಿಪ್ ಹೀಟರ್. ಹಾಪರ್ ಕೆಳಗಿನ ರೋಟರಿ ವಾಲ್ವಿನ (ಧೂಳು ಹೊರಬಿಡುವ ತಿರುಗುವ ಬಾಗಿಲಿನ) ರಬ್ಬರ್ ತುದಿ ಸವೆದರೆ ಹೊರಗಿನ ತೇವದ ಗಾಳಿ ಅಲ್ಲಿಂದಲೇ ಒಳಗೆ ಹೋಗುತ್ತದೆ, ಮಳೆಗಾಲಕ್ಕೆ ಮುಂಚೆ ಅದನ್ನು ಬದಲಿಸಿಬಿಡಿ.

ಪಲ್ಸ್‌ಗೆ ಕೊಡುವ ಕಂಪ್ರೆಸರ್ ಗಾಳಿ ಇನ್ನೊಂದು ನೀರಿನ ಮೂಲ. ಗಾಳಿಯನ್ನು ತಣಿಸಿ ತೇವ ತೆಗೆಯುವ ರೆಫ್ರಿಜರೇಶನ್ ಡ್ರೈಯರ್ ಇಲ್ಲದೆ ಮಲೆನಾಡಿನಲ್ಲಿ ಪಲ್ಸ್ ಜೆಟ್ ಓಡಿಸುವುದು ಚೀಲಕ್ಕೆ ನೀರು ಎರಚಿದಂತೆ. ಒತ್ತಡ 5ರಿಂದ 6 ಬಾರ್. ಟೈಮರ್ ಹಾಕಿ ಸುಮ್ಮನೆ ಬಡಿಯುತ್ತಿರುವ ಬದಲು ಚೀಲದ ಎರಡೂ ಬದಿಯ ಒತ್ತಡದ ವ್ಯತ್ಯಾಸ 120 ಮಿ.ಮೀ. ನೀರಿನ ಮಟ್ಟ ಮುಟ್ಟಿದಾಗ ಶುರುವಾಗಿ 80ಕ್ಕೆ ನಿಲ್ಲುವಂತೆ ಮಾಡಿದರೆ ಚೀಲದ ಆಯಸ್ಸು ಹೆಚ್ಚುತ್ತದೆ. ಒತ್ತಡದ ಮೀಟರ್ ಕೆಟ್ಟರೆ ಕಾಯಬೇಕಿಲ್ಲ. ಪಾರದರ್ಶಕ ಪೈಪನ್ನು ಯು ಆಕಾರಕ್ಕೆ ಬಗ್ಗಿಸಿ, ಬಣ್ಣದ ನೀರು ತುಂಬಿ ಸ್ಕೇಲ್ ಪಕ್ಕದಲ್ಲಿ ಕಟ್ಟಿದರೆ ಅದೇ ಮೀಟರ್. ಓದು ದಿನೇ ದಿನೇ ಏರಿದರೆ ಚೀಲ ಕಟ್ಟುತ್ತಿದೆ, ಒಮ್ಮೆಲೇ ಇಳಿದರೆ ಎಲ್ಲೋ ಹರಿದಿದೆ.

ಚಿಮಣಿ ತುದಿಗೆ ಟೊಪ್ಪಿಗೆ ಇಡಬೇಡಿ. ಅದು ಹೊಗೆಯನ್ನು ಕೆಳಕ್ಕೆ ತಳ್ಳುತ್ತದೆ, ಅಡ್ಡಗಾಳಿಯ ಮಳೆಯನ್ನು ತಡೆಯುವುದೂ ಇಲ್ಲ. ಚಿಮಣಿಗಿಂತ ಸ್ವಲ್ಪ ದೊಡ್ಡ ವ್ಯಾಸದ ಕೊಳವೆಯನ್ನು ತುದಿಗೆ ತೊಡಿಸಿ, ಒಳಗೋಡೆ ಹಿಡಿದು ಇಳಿಯುವ ನೀರು ಎರಡರ ನಡುವಿನ ಸಂದಿಯಿಂದ ಹೊರಹೋಗುವಂತೆ ಮಾಡಬೇಕು. ಫ್ಯಾನ್ ಕೇಸಿಂಗ್ ಅಡಿಯಲ್ಲೂ ಒಂದು ನೀರು ಬಸಿಯುವ ತೂತು ಇರಲಿ.

ಎಸ್‌ಜಿ ಐರನ್ (ಮೆಗ್ನೀಸಿಯಂ ಸೇರಿಸಿ ಮಾಡುವ ಎರಕದ ಕಬ್ಬಿಣ) ಮಾಡುವವರಿಗೆ ಹೊಗೆ ಎಳೆಯಲು ಇನ್ನೊಂದು ಬಾಯಿ ಬೇಕು. ಮೆಗ್ನೀಸಿಯಂ 1090 ಡಿಗ್ರಿಗೆ ಕುದಿಯುತ್ತದೆ, ಲ್ಯಾಡಲ್‌ಗೆ (ಕರಗಿದ ಲೋಹ ಹಿಡಿಯುವ ಪಾತ್ರೆಗೆ) ಬೀಳುವ ಕಬ್ಬಿಣ 1450ರ ಮೇಲಿರುತ್ತದೆ. ತೆರೆದ ಲ್ಯಾಡಲ್‌ನಲ್ಲಿ ಕಣ್ಣು ಕುಕ್ಕುವ ಬೆಳಕಿನೊಂದಿಗೆ ಬಿಳಿ ಮೋಡ ಏಳುವುದು ಆವಿಯಾದ ಮೆಗ್ನೀಸಿಯಂ, ಅಂದರೆ ದುಡ್ಡು ಕೊಟ್ಟು ತಂದ ಮಾಲು. ಇಲ್ಲಿ ಹೊಗೆಯನ್ನು ಹಿಡಿಯುವುದಕ್ಕಿಂತ ಏಳದಂತೆ ಮಾಡುವುದೇ ಲಾಭ. ಎತ್ತರ ವ್ಯಾಸದ ಎರಡು ಪಟ್ಟಿರುವ ಲ್ಯಾಡಲ್ ತೆಗೆದುಕೊಳ್ಳಿ, ತಳದ ಗುಂಡಿಯಲ್ಲಿ ಮೆಗ್ನೀಸಿಯಂ ಅಲಾಯ್, ಅದರ ಮೇಲೆ ಸ್ಟೀಲ್ ಪಂಚಿಂಗ್ (ತಗಡಿಗೆ ತೂತು ಹೊಡೆದಾಗ ಬೀಳುವ ಬಿಲ್ಲೆ), ಮೇಲೆ ಸಣ್ಣ ತೂತಿನ ಟಂಡಿಶ್ (ಬಟ್ಟಲಿನಂಥ) ಮುಚ್ಚಳ. ಒಳಗೆ ಆಮ್ಲಜನಕ ಕಡಿಮೆಯಾಗಿ ಮೆಗ್ನೀಸಿಯಂ ಕಬ್ಬಿಣದಲ್ಲೇ ಹೆಚ್ಚು ಉಳಿಯುತ್ತದೆ, ಹಾಕುವ ಅಲಾಯ್ ಕಡಿಮೆಯಾಗುತ್ತದೆ. ಉಳಿದ ಹೊಗೆಗೆ ಮೂರು ಬದಿ ಮುಚ್ಚಿದ ಬೂತ್, ಎದುರಿನ ತೆರಪು 1.2 ಚದರ ಮೀಟರ್. ಇದಕ್ಕೆ ಬೇರೆ ಫ್ಯಾನ್ ಬೇಡ. ಈ ಕೆಲಸ ಒಂದು ನಿಮಿಷದ್ದು, ಅಷ್ಟು ಹೊತ್ತು ಫರ್ನೇಸ್ ಬಾಯಿಯ ಡ್ಯಾಂಪರ್ ಮುಚ್ಚಿ ಬೂತ್‌ನದ್ದು ತೆರೆಯುವಂತೆ ಒಂದೇ ಸ್ವಿಚ್ಚಿಗೆ ಜೋಡಿಸಿದರೆ 6,000 ಘನ ಮೀಟರಿನ ಪೂರ್ತಿ ಎಳೆತ ಅಲ್ಲಿ ಸಿಗುತ್ತದೆ.

ಶೆಲ್ ಕೋರ್ (ರಾಳ ಬೆರೆಸಿದ ಮರಳಿನ ಒಳ ಅಚ್ಚು) ಮಾಡುವ ಮತ್ತು ಮೋಲ್ಡ್‌ಗೆ ಲೋಹ ಸುರಿಯುವ ಜಾಗದ ಹೊಗೆಯನ್ನು ಮಾತ್ರ ಈ ಲೈನಿಗೆ ಸೇರಿಸಬಾರದು. ರಾಳ ಸುಟ್ಟ ಆವಿ ತಣಿದು ಚೀಲದ ಮೇಲೆ ಟಾರ್‌ನಂತೆ ಅಂಟುತ್ತದೆ.

ಎಳೆತ ಸರಿ ಇದೆಯೇ ಎಂದು ನೋಡಲು ಊದುಬತ್ತಿ ಸಾಕು. ಫರ್ನೇಸ್ ತಣ್ಣಗಿರುವಾಗ ಫ್ಯಾನ್ ಹಾಕಿ, ಬಾಯಿಯ ಅಂಚಿನ ಸುತ್ತ ಹಚ್ಚಿದ ಊದುಬತ್ತಿ ಹಿಡಿದು ಬನ್ನಿ. ಹೊಗೆಯ ಎಳೆ ನೇರವಾಗಿ ಸೀಳಿಗೆ ಬಾಗಬೇಕು. ಎಲ್ಲಿ ತಡವರಿಸುತ್ತದೋ ಅಲ್ಲಿಯ ಪಟ್ಟಿ ಸಡಿಲಿಸಿ. ಪೆಡೆಸ್ಟಲ್ ಫ್ಯಾನ್ ಹಾಕಿ ಇದನ್ನೇ ಮತ್ತೆ ಮಾಡಿದರೆ ಎಳೆ ಹೊರಗೆ ಹಾರುವುದನ್ನು ಮೆಲ್ಟರ್‌ಗಳೇ ನೋಡುತ್ತಾರೆ, ಆಮೇಲೆ ಫ್ಯಾನನ್ನು ಫರ್ನೇಸ್ ಕಡೆ ತಿರುಗಿಸುವುದಿಲ್ಲ. ಪಡುವಣ ಗಾಳಿಗೆ ಎದುರಾದ ಶೆಡ್ ಬದಿಯನ್ನೂ ಮುಚ್ಚಿ. ಕಾನೂನಿನ ಅಳತೆ ಚಿಮಣಿಯಲ್ಲಿ, ಇಂಡಕ್ಷನ್ ಫರ್ನೇಸ್‌ಗೆ ಘನ ಮೀಟರಿಗೆ 150 ಮಿಲಿಗ್ರಾಂ. ಚೀಲ ಸರಿ ಇದ್ದರೆ ಅದಕ್ಕಿಂತ ಬಹಳ ಕೆಳಗೇ ಇರುತ್ತೀರಿ. ಆದರೆ ಹುಡ್ ತಪ್ಪಿಸಿಕೊಂಡು ಶೆಡ್ಡಿನೊಳಗೆ ಉಳಿದ ಹೊಗೆ ಆ ಅಳತೆಯಲ್ಲಿ ಸಿಗುವುದೇ ಇಲ್ಲ. ಸತುವಿನ ಹೊಗೆ ಕುಡಿದವರಿಗೆ ಸಂಜೆ ಚಳಿಜ್ವರ ಬರುತ್ತದೆ, ಒಂದೆರಡು ದಿನಕ್ಕೆ ಇಳಿಯುತ್ತದೆ. ಹೊಗೆಗೆ ಬೆಲ್ಲ ಮದ್ದು ಎನ್ನುವುದುಂಟು. ತಿಂದರೆ ಗಂಟಲಿಗೆ ಹಿತ, ಶ್ವಾಸಕೋಶಕ್ಕೆ ಹೋದ ಪುಡಿ ಅದರಿಂದ ಬರುವುದಿಲ್ಲ.

ಹಿಡಿದ ಧೂಳಿನ ವಿಚಾರ. ಹೊಗೆಯಿಂದ ಸರಕು ತೆಗೆಯುವುದು ಈ ಸೀಮೆಗೆ ಹೊಸದಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಇದ್ದಿಲಿನ ಕುಲುಮೆಯಿಂದ ಶುರುವಾದಾಗ ಕಟ್ಟಿಗೆ ಸುಟ್ಟ ಹೊಗೆಯನ್ನು ತಣಿಸಿ ಮೆಥನಾಲ್, ಅಸಿಟೇಟ್, ಟಾರ್ ತೆಗೆಯುವ ಘಟಕವೂ ಅಲ್ಲಿತ್ತು. ನಮ್ಮಲ್ಲಿ ಎರಡು ಬಗೆಯ ಧೂಳು ಸಿಗುತ್ತದೆ, ಎರಡನ್ನೂ ಬೆರೆಸಬಾರದು. ಸ್ಪಾರ್ಕ್ ಅರೆಸ್ಟರ್ ಪೆಟ್ಟಿಗೆಯ ದಪ್ಪ ಪುಡಿಯಲ್ಲಿ ಕಬ್ಬಿಣವೇ ಹೆಚ್ಚು, ಒಣಗಿಸಿ ಡಬ್ಬಿಯಲ್ಲಿ ಅದುಮಿ ಚಾರ್ಜ್‌ಗೆ ಹಾಕಬಹುದು. ಚೀಲದ ನಯವಾದ ಪುಡಿಯನ್ನು ಮತ್ತೆ ಫರ್ನೇಸ್‌ಗೆ ಹಾಕಿದರೆ ಅದರ ಸತು, ಸೀಸ ಮತ್ತೆ ಆವಿಯಾಗಿ ಚೀಲಕ್ಕೇ ಬರುತ್ತವೆ, ಪ್ರತಿ ಸುತ್ತಿಗೂ ಇನ್ನಷ್ಟು ಗಾಢವಾಗಿ. ಅದನ್ನು ಒಳಹಾಳೆ ಇರುವ ಚೀಲದಲ್ಲಿ ಕಟ್ಟಿ, ಸೂರಿನಡಿ ಸಿಮೆಂಟ್ ನೆಲದ ಮೇಲಿಟ್ಟು, ಪರೀಕ್ಷೆ ಮಾಡಿಸಿ. ಸತು ಚೆನ್ನಾಗಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಸತು ಮರುಬಳಕೆದಾರರಿಗೆ, ಇಲ್ಲವಾದರೆ ಅಪಾಯಕಾರಿ ತ್ಯಾಜ್ಯದ ಅಧಿಕೃತ ಘಟಕಕ್ಕೆ, ಮ್ಯಾನಿಫೆಸ್ಟ್ (ಸಾಗಣೆಯ ದಾಖಲೆ) ಸಮೇತ ಕಳಿಸಬೇಕು. ತೋಟದ ರಸ್ತೆಯ ಗುಂಡಿ ತುಂಬಲು ಯಾರಾದರೂ ಕೇಳಿದರೆ ಕೊಡಬೇಡಿ. ಮೊದಲ ಮಳೆಗೇ ಅದು ಹಳ್ಳ ಸೇರಿ, ಹಳ್ಳದಿಂದ ಭದ್ರೆಗೆ ಇಳಿಯುತ್ತದೆ.